ಹೊಸ ಯಂತ್ರಕ್ಕೆ ಹಳೆಯ ಆಟಗಳ ಆಸರೆ

ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ತೇನಿ ಜಿಲ್ಲೆಯ ಹೆಮ್ಮೆಯೆಂದು ಹೆಸರು ಪಡೆದಿರುವ ಈ ಹಣ್ಣು ಮೂಲತಃ ಈ ನೆಲದ್ದಲ್ಲ. 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ಅದನ್ನು ತಮಿಳುನಾಡಿಗೆ ತಂದರು. ಕಣಿವೆಯ ಗದ್ದೆಗಳಿಗೆ ಹರಿಯುವ ನೀರಿನ ಕಥೆಯೂ ಅಂಥದೇ. ಪಡುವಣ ಕಡಲಿನತ್ತ ಹೋಗುತ್ತಿದ್ದ ಪೆರಿಯಾರ್ ನದಿಯ ನೀರನ್ನು 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟೆಯು ಬೆಟ್ಟದ ಸುರಂಗದ ಮೂಲಕ ಮೂಡಣಕ್ಕೆ ತಿರುಗಿಸಿದ ಮೇಲೆ ಈ ಕಣಿವೆ ವರ್ಷಕ್ಕೆ ಎರಡು ಬೆಳೆ ಕಾಣುವಂತಾಯಿತು. ಇಲ್ಲಿ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡು ಬಂದಿರುವ ಕಾಪಿಲಿಯ ಕುಟುಂಬಗಳ ಹಿರಿಯರೂ, ದಿಂಡಿಗಲ್ ಕಡೆಯ ಅನುಪ್ಪರ ಹಿರಿಯರೂ ಶತಮಾನಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆಸಿದವರೇ. ಬೇರೆಡೆಯಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಯಾವುದೂ ಕೀಳಾಗುವುದಿಲ್ಲ. ಬಂದದ್ದು ಬೇರೂರಿತೇ, ಬಂದ ನೆಲಕ್ಕೆ ಏನನ್ನಾದರೂ ಕೊಟ್ಟಿತೇ ಎಂಬುದಷ್ಟೇ ಕೇಳತಕ್ಕ ಪ್ರಶ್ನೆ.

ಇದೇ ಪ್ರಶ್ನೆ ಈಚೆಗೆ ಮಕ್ಕಳ ಬಾಯಿಯಿಂದ ಬೇರೊಂದು ರೂಪದಲ್ಲಿ ಮನೆಯೊಳಗೆ ಬರುತ್ತಿದೆ. ಟಿ.ವಿ.ಗೆ ಜೋಡಿಸಿಯೋ ಕೈಯಲ್ಲಿ ಹಿಡಿದೋ ಆಡುವ ಹೊಸ ವಿಡಿಯೊ ಗೇಮ್ ಯಂತ್ರವೊಂದು ಮಾರುಕಟ್ಟೆಗೆ ಬರುತ್ತದೆ. ‘ಅಪ್ಪಾ, ಅದಕ್ಕೆ ಮೊದಲ ದಿನವೇ ಇಪ್ಪತ್ತೈದು ಆಟ ಬಂದಿವೆಯಂತೆ’ ಎಂದು ಮಗ ಹೇಳುತ್ತಾನೆ. ಪಟ್ಟಿಯನ್ನು ನೋಡಿದ ಅಕ್ಕ, ‘ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆಯವೇ, ಬೇರೆ ಯಂತ್ರದಲ್ಲಿ ಆಗಲೇ ಬಂದು ಹೋದವು’ ಎನ್ನುತ್ತಾಳೆ. ಇಬ್ಬರ ಮಾತೂ ನಿಜವೇ. ಹಾಗಾದರೆ ಅಪ್ಪ ಯಾರ ಮಾತನ್ನು ನಂಬಿ ಹಣ ಹೂಡಬೇಕು? ಹಣವೇನೂ ಅಲ್ಪವಲ್ಲ. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 5 ಯಂತ್ರವು 2021ರ ಫೆಬ್ರವರಿ 2ರಂದು ಭಾರತದಲ್ಲಿ ಬಿಡುಗಡೆಯಾದಾಗ ಅದರ ಬೆಲೆ 49,990 ರೂಪಾಯಿ; ಆ ಸಂಸ್ಥೆಯದೇ ದೊಡ್ಡ ಆಟವೊಂದಕ್ಕೆ 4,999 ರೂಪಾಯಿ. ದ್ರಾಕ್ಷಿ ತೋಟದ ಒಂದು ಕೊಯ್ಲಿನ ಲೆಕ್ಕವನ್ನು ಮುಂದಿಟ್ಟುಕೊಂಡು ಬದುಕುವ ಕುಟುಂಬಕ್ಕೆ ಇದು ಹಲವು ತಿಂಗಳ ಉಳಿತಾಯ.

ಪೋರ್ಟ್ ಎಂದರೇನು

ಒಂದು ಯಂತ್ರಕ್ಕಾಗಿ ರಚಿತವಾದ ಆಟವನ್ನು ಮತ್ತೊಂದು ಯಂತ್ರದಲ್ಲಿ ನಡೆಯುವಂತೆ ಮಾರ್ಪಡಿಸಿ ತರುವುದನ್ನು ಆ ಕ್ಷೇತ್ರದವರು ‘ಪೋರ್ಟ್’ ಎನ್ನುತ್ತಾರೆ. ಕಡತವನ್ನು ನಕಲು ಮಾಡಿದಷ್ಟು ಸುಲಭದ ಕೆಲಸವಲ್ಲ ಅದು. ಎರಡು ಯಂತ್ರಗಳ ಚಿಪ್ಪು ಬೇರೆ, ನೆನಪಿನ ಸಾಮರ್ಥ್ಯ ಬೇರೆ, ಕೈಯಲ್ಲಿ ಹಿಡಿಯುವ ಗುಂಡಿಗಳ ವಿನ್ಯಾಸ ಬೇರೆ. ದೊಡ್ಡ ಪರದೆಗೆಂದು ಬರೆದ ಅಕ್ಷರಗಳು ಅಂಗೈಯಗಲದ ಪರದೆಯಲ್ಲಿ ಓದಲಾಗದಷ್ಟು ಸಣ್ಣವಾಗುತ್ತವೆ. ಚಿತ್ರಗಳ ಗಾತ್ರವನ್ನು ಇಳಿಸಬೇಕು; ಆಟವು ತಡವರಿಸದೆ ಓಡುವಂತೆ ಸಾಫ್ಟ್‌ವೇರನ್ನು ಹಲವೆಡೆ ಹೊಸದಾಗಿ ಬರೆಯಬೇಕು; ಯಂತ್ರದ ಒಡೆಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಯುನಿಟಿ, ಅನ್ರಿಯಲ್ ಮೊದಲಾದ ಸಿದ್ಧ ತಂತ್ರಾಂಶಗಳಲ್ಲಿ ಆಟ ರಚಿಸುವ ಪದ್ಧತಿ ಬಂದ ಮೇಲೆ ಈ ಶ್ರಮ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ಕನ್ನಡ ಮಾಧ್ಯಮದ ಮಕ್ಕಳ ಪಾಲಕರಿಗೆ ಈ ಕೆಲಸದ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೇರಳದಲ್ಲಾಗಲಿ ತಮಿಳುನಾಡಿನಲ್ಲಾಗಲಿ ಅವರ ಮಕ್ಕಳು ಓದುವ ಗಣಿತ, ವಿಜ್ಞಾನ, ಸಮಾಜ ಪಾಠಗಳ ಪುಸ್ತಕಗಳು ಆಯಾ ರಾಜ್ಯದ ಪಠ್ಯಕ್ರಮದ ಕನ್ನಡ ರೂಪಗಳು. ಶಾಲೆಯ ಚೀಲದಲ್ಲಿರುವುದು ಬಹುಮಟ್ಟಿಗೆ ನಾಟಿ ಮಾಡಿದ ಪೈರೇ. ಅನುವಾದ ಹದವಾಗಿದ್ದರೆ ಮಗು ಪಾಠವನ್ನು ತನ್ನದೆಂದೇ ಓದುತ್ತದೆ. ಅವಸರದಲ್ಲಿ ಆಗಿದ್ದರೆ ವಾಕ್ಯ ಕನ್ನಡದ್ದಾಗಿದ್ದರೂ ಅರ್ಥ ಹತ್ತಿರ ಸುಳಿಯುವುದಿಲ್ಲ. ಮೂಲ ಭಾಷೆಯ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಹೇಳಿಕೊಡಬೇಕಾಗುತ್ತದೆ. ಆಟಗಳ ವಿಷಯದಲ್ಲಿಯೂ ಇದೇ ನಿಯಮ.

ಮೂರೇ ಆಟಗಳಿಂದ ಆರಂಭ

ಚರಿತ್ರೆ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬಹುದು. ಅಮೆರಿಕದ ಅಟಾರಿ ಸಂಸ್ಥೆ ತನ್ನ ಮನೆಬಳಕೆಯ ಯಂತ್ರವನ್ನು 1977ರಲ್ಲಿ ಹೊರತಂದಿತು. ಅದು ನಿಜವಾಗಿ ಮನೆಮನೆಗೆ ಹೊಕ್ಕದ್ದು 1980ರಲ್ಲಿ, ಜಪಾನಿನ ಟೈಟೊ ಸಂಸ್ಥೆಯ ‘ಸ್ಪೇಸ್ ಇನ್ವೇಡರ್ಸ್’ ಆಟ ಅದಕ್ಕೆ ಬಂದಾಗ. 1978ರಲ್ಲಿ ಹೊರಬಂದು ಆಟದಂಗಡಿಗಳ ಮುಂದೆ ಜನರನ್ನು ಸಾಲುಗಟ್ಟಿ ನಿಲ್ಲಿಸಿದ್ದ ಆಟವದು. ನಾಣ್ಯ ಹಾಕಿ ಆಡುತ್ತಿದ್ದವರು ಅದನ್ನು ಮನೆಯಲ್ಲೇ ಆಡುವ ಸಲುವಾಗಿ ಯಂತ್ರವನ್ನೇ ಕೊಂಡರು; ಯಂತ್ರದ ಮಾರಾಟ ಹಲವು ಪಟ್ಟು ಏರಿತು.

ಇನ್ನೂ ಸ್ಪಷ್ಟವಾದ ನಿದರ್ಶನ ಜಪಾನಿನ ನಿಂಟೆಂಡೊ ಸಂಸ್ಥೆಯದು. 1983ರ ಜುಲೈ 15ರಂದು ಅದು ‘ಫ್ಯಾಮಿಕಾಮ್’ ಯಂತ್ರವನ್ನು ಬಿಡುಗಡೆ ಮಾಡಿದಾಗ ಜೊತೆಯಲ್ಲಿದ್ದದ್ದು ಮೂರೇ ಆಟಗಳು: ‘ಡಾಂಕಿ ಕಾಂಗ್’, ‘ಡಾಂಕಿ ಕಾಂಗ್ ಜೂನಿಯರ್’, ‘ಪಾಪಾಯ್’. ಮೂರೂ ಆಟದಂಗಡಿಗಳಿಂದ ತಂದವು. ಆ ಯಂತ್ರಕ್ಕೆಂದೇ ಹುಟ್ಟಿದ ಆಟ ಒಂದೂ ಇರಲಿಲ್ಲ. ಅದನ್ನು ಕಂಡು ಆ ಯಂತ್ರದ ಭವಿಷ್ಯವನ್ನು ಯಾರಾದರೂ ಅಳೆದಿದ್ದರೆ ತಪ್ಪುತ್ತಿದ್ದರು. ಎರಡು ವರ್ಷಗಳ ತರುವಾಯ, 1985ರ ಸೆಪ್ಟೆಂಬರ್ 13ರಂದು, ‘ಸೂಪರ್ ಮಾರಿಯೊ ಬ್ರದರ್ಸ್’ ಬಂತು. ಅದು ಆ ಯಂತ್ರಕ್ಕಾಗಿಯೇ ಹೆಣೆದ ಆಟ. ತಂದ ಆಟಗಳು ಮೊದಲ ಗಿರಾಕಿಗಳನ್ನು ಕೂಡಿಸಿದವು. ಆ ಗಿರಾಕಿಗಳ ಬಲದ ಮೇಲೆ ಸ್ವಂತದ ಆಟ ನಿಂತಿತು.

ಸೆಗಾ ಸಂಸ್ಥೆಯ ಹಾದಿಯೂ ಇದೇ. 1989ರಲ್ಲಿ ಅಮೆರಿಕದಲ್ಲಿ ಅದರ ಜೆನೆಸಿಸ್ ಯಂತ್ರದೊಡನೆ ಕೊಡುತ್ತಿದ್ದದ್ದು ಆಟದಂಗಡಿಯಿಂದ ತಂದ ‘ಆಲ್ಟರ್ಡ್ ಬೀಸ್ಟ್’. 1991ರಲ್ಲಿ ಆ ಸ್ಥಾನಕ್ಕೆ ಸ್ವಂತದ ‘ಸಾನಿಕ್’ ಬಂದ ಮೇಲೆ ಯಂತ್ರದ ಹೆಸರು ಮನೆಮಾತಾಯಿತು. ಮೊದಲ ವರ್ಷದ ಕಪಾಟು ತುಂಬಲು ತಂದ ಆಟ, ಯಂತ್ರಕ್ಕೆ ಮುಖಚಹರೆ ಕೊಡಲು ತನ್ನದೇ ಆಟ ಎಂಬ ಕ್ರಮ ಅಂದೇ ರೂಢಿಗೆ ಬಂದಿತ್ತು.

ನಾಟಿ ಕೆಟ್ಟಾಗ

ತಂದ ಆಟ ಯಂತ್ರವನ್ನು ಕೆಡಿಸಿದ ಪ್ರಸಂಗವೂ ಅದೇ ಅಟಾರಿಯದು. ಆಟದಂಗಡಿಗಳಲ್ಲಿ ಜಗತ್ಪ್ರಸಿದ್ಧವಾಗಿದ್ದ ‘ಪ್ಯಾಕ್ ಮ್ಯಾನ್’ 1982ರಲ್ಲಿ ಅಟಾರಿ ಯಂತ್ರಕ್ಕೆ ಬಂತು. ಅಟಾರಿಯ ಅಲ್ಪ ಶಕ್ತಿಯೊಳಗೆ ಅದನ್ನು ಅವಸರದಲ್ಲಿ ತುರುಕಿದ್ದರಿಂದ ಬೆನ್ನಟ್ಟುವ ಭೂತಗಳು ಮಿಣುಕುತ್ತಿದ್ದವು. ಬಣ್ಣ, ಧ್ವನಿ ಯಾವುದೂ ಮೂಲದಂತಿರಲಿಲ್ಲ. ಹೆಸರನ್ನು ನಂಬಿ ಲಕ್ಷಾಂತರ ಜನ ಕೊಂಡರು, ಕೊಂಡವರು ನಿರಾಶರಾದರು. ಮರುವರ್ಷ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿದುದಕ್ಕೆ ಹಲವು ಕಾರಣಗಳಿದ್ದವು. ಗಿರಾಕಿಯ ನಂಬಿಕೆ ಮುರಿದದ್ದು ಅವುಗಳಲ್ಲೊಂದು. ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಆಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಆ ಗುಂಡಿಯನ್ನು ಅಗೆದು ಅವುಗಳನ್ನು ಮತ್ತೆ ಹೊರತೆಗೆದರು.

ನಮ್ಮ ಊರುಗಳ ಅನುಭವ ಇದಕ್ಕಿಂತ ದೂರದ್ದಲ್ಲ. ಇಂದು ಶಾಲೆಯ ಮಕ್ಕಳಿಗೆ ತಂದೆತಾಯಿಯರಾಗಿರುವ ಅನೇಕರು 1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸುವ ಅಗ್ಗದ ಯಂತ್ರಗಳನ್ನು ಕಂಡವರು. ಫ್ಯಾಮಿಕಾಮ್ ಯಂತ್ರದ ನಕಲುಗಳು ಅವು. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಮುದ್ರಿಸಿರುತ್ತಿದ್ದರು. ಹಾಕಿ ನೋಡಿದರೆ ಹತ್ತೋ ಹನ್ನೆರಡೋ ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆ ಕಾಲದ ಹುಡುಗರು ಮರೆಯದ ‘ಕಾಂಟ್ರಾ’ ಆಟವೂ ತಂದದ್ದೇ. 1987ರಲ್ಲಿ ಆಟದಂಗಡಿಗೆ ಬಂದು ಮರುವರ್ಷ ಮನೆಯ ಯಂತ್ರಕ್ಕೆ ಇಳಿದದ್ದು. ಅದು ಹದವಾಗಿ ಇಳಿದಿತ್ತು, ಇಬ್ಬರು ಒಟ್ಟಿಗೆ ಕೂತು ಆಡುವಂತಿತ್ತು, ಆದುದರಿಂದ ಉಳಿಯಿತು. ಉಳಿದ 9990 ಹೆಸರುಗಳಲ್ಲಿ ಒಂದೂ ಯಾರ ನೆನಪಿನಲ್ಲಿಯೂ ಇಲ್ಲ. ಸಂಖ್ಯೆಯೇ ಭಂಡಾರವಲ್ಲ ಎಂಬ ಪಾಠವನ್ನು ಆ ತಲೆಮಾರು ಕೈಯಾರೆ ಕಲಿತಿದೆ.

ಒಂದೇ ಆಟ, ಎರಡು ಹಣೆಬರಹ

ತಂದ ಆಟಗಳು ಯಂತ್ರವನ್ನು ಬಲಪಡಿಸುತ್ತವೆಯೇ ಎಂಬ ಪ್ರಶ್ನೆಗೆ ಈಚಿನ ಕಾಲದ ಒಳ್ಳೆಯ ಉತ್ತರವು ನಿಂಟೆಂಡೊ ಸಂಸ್ಥೆಯದೇ ಎರಡು ಯಂತ್ರಗಳಲ್ಲಿದೆ.

2012ರ ನವೆಂಬರಿನಲ್ಲಿ ಬಂದ ‘ವೀ ಯು’ ಯಂತ್ರದ ಆರಂಭದ ಪಟ್ಟಿಯಲ್ಲಿ ಬ್ಯಾಟ್‌ಮನ್, ಮಾಸ್ ಎಫೆಕ್ಟ್, ಅಸ್ಯಾಸಿನ್ಸ್ ಕ್ರೀಡ್ ಮುಂತಾದ ದೊಡ್ಡ ಹೆಸರುಗಳಿದ್ದವು. ಆದರೆ ಅವುಗಳೆಲ್ಲ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಯಂತ್ರಗಳಲ್ಲಿ ಆಗಲೇ ದೊರೆಯುತ್ತಿದ್ದವು. ಆ ಆಟಗಳನ್ನು ಬಯಸುವವರ ಮನೆಯಲ್ಲಿ ಅವನ್ನು ಆಡುವ ಯಂತ್ರವೂ ಆಗಲೇ ಇತ್ತು. ಇರುವ ಬಾವಿಯ ಪಕ್ಕದಲ್ಲಿ ಇನ್ನೊಂದು ಬಾವಿ ತೋಡಿದಂತಾಯಿತು. ಸ್ವಂತದ ಆಟಗಳು ಬರುವುದೂ ತಡವಾಯಿತು. ತನ್ನ ಆಯುಷ್ಯದಲ್ಲಿ ಆ ಯಂತ್ರ ಮಾರಾಟವಾದದ್ದು ಸುಮಾರು 1 ಕೋಟಿ 36 ಲಕ್ಷ ಮಾತ್ರ. ನಿಂಟೆಂಡೊ ಸಂಸ್ಥೆಯ ಮಟ್ಟಿಗೆ ಅದು ಸೋಲು.

2017ರ ಮಾರ್ಚ್ 3ರಂದು ಬಂದ ‘ಸ್ವಿಚ್’ ಯಂತ್ರವೂ ಮೊದಲ ವರ್ಷವನ್ನು ಕಳೆದದ್ದು ಬಹುಪಾಲು ತಂದ ಆಟಗಳಿಂದಲೇ. ಮೊದಲ ದಿನದ ಮುಖ್ಯ ಆಟವಾಗಿದ್ದ ‘ಜೆಲ್ಡಾ’ ಅದೇ ದಿನ ಹಳೆಯ ವೀ ಯು ಯಂತ್ರಕ್ಕೂ ಬಂದಿತ್ತು. ಏಪ್ರಿಲ್ 28ರಂದು ಬಂದ ‘ಮಾರಿಯೊ ಕಾರ್ಟ್ 8 ಡಿಲಕ್ಸ್’ 2014ರ ವೀ ಯು ಆಟದ ಹೊಸ ರೂಪ. ಅದೇ ವರ್ಷದ ನವೆಂಬರಿನಲ್ಲಿ ‘ಸ್ಕೈರಿಮ್’, ‘ಡೂಮ್’ ಎಂಬ ಹಳೆಯ ದೊಡ್ಡ ಆಟಗಳು ಬಂದವು. ವೀ ಯು ಯಂತ್ರದಲ್ಲಿ ಸುಮಾರು 84 ಲಕ್ಷ ಪ್ರತಿಗಳಿಗೆ ನಿಂತಿದ್ದ ಮಾರಿಯೊ ಕಾರ್ಟ್, ಸ್ವಿಚ್ ಯಂತ್ರದಲ್ಲಿ 6 ಕೋಟಿಯನ್ನು ದಾಟಿತು. ಯಂತ್ರದ ಮಾರಾಟ 15 ಕೋಟಿಯನ್ನು ಮೀರಿತು.

ಆಟ ಒಂದೇ, ಸಂಸ್ಥೆ ಒಂದೇ, ಫಲ ಬೇರೆಯಾದದ್ದೇಕೆ? ಎರಡು ಕಾರಣಗಳು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಸ್ವಿಚ್ ಯಂತ್ರ ಆ ಹಳೆಯ ಆಟಗಳಿಗೆ ಹಿಂದೆ ಇಲ್ಲದ ಒಂದನ್ನು ಕೊಟ್ಟಿತು: ಟಿ.ವಿ.ಯಿಂದ ಕಳಚಿ ಬಸ್ಸಿನಲ್ಲೂ ಅಜ್ಜಿಯ ಮನೆಯ ಜಗಲಿಯಲ್ಲೂ ಆಡುವ ಸ್ವಾತಂತ್ರ್ಯ. ವೀ ಯು ಕೊಂಡವರೇ ಕಡಿಮೆಯಾದುದರಿಂದ ಬಹಳ ಮಂದಿಗೆ ಆ ಆಟಗಳು ಹೊಸವೂ ಆಗಿದ್ದವು. ಎರಡನೆಯದಾಗಿ, ತಂದ ಆಟಗಳ ನಡುನಡುವೆ ಸ್ವಂತದ ಬೆಳೆ ತಪ್ಪದೆ ಬರುತ್ತಿತ್ತು. ಅದೇ ವರ್ಷದ ಜುಲೈಯಲ್ಲಿ ‘ಸ್ಪ್ಲಾಟೂನ್ 2’, ಅಕ್ಟೋಬರ್ 27ರಂದು ‘ಸೂಪರ್ ಮಾರಿಯೊ ಒಡಿಸ್ಸಿ’ ಬಂದವು. ತಂದ ಆಟಗಳು ಬಿಡುವನ್ನು ತುಂಬಿದವು; ಅವು ಸ್ವಂತದ ಆಟಗಳ ಜಾಗವನ್ನು ಕಬಳಿಸಲಿಲ್ಲ.

2025ರ ಜೂನ್ 5ರಂದು ಬಂದ ‘ಸ್ವಿಚ್ 2’ ಈ ಪಾಠವನ್ನು ನೆನಪಿಟ್ಟುಕೊಂಡಂತಿದೆ. ಹೊಸದಾಗಿ ರಚಿಸಿದ ‘ಮಾರಿಯೊ ಕಾರ್ಟ್ ವರ್ಲ್ಡ್’ ಮುಂಭಾಗದಲ್ಲಿತ್ತು. ಹಿಂಬದಿಯಲ್ಲಿ ಬೇರೆ ಯಂತ್ರಗಳಿಂದ ತಂದ ಆಟಗಳ ಉದ್ದ ಸಾಲಿತ್ತು. ಮೊದಲ ನಾಲ್ಕು ದಿನಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು. ಆ ಸಾಲಿನಲ್ಲಿದ್ದ ‘ಸೈಬರ್‌ಪಂಕ್ 2077’ ಎಂಬ ಪೋಲೆಂಡ್ ದೇಶದ ಆಟದ ಕಥೆ ಗಮನಿಸತಕ್ಕದ್ದು. 2020ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ 4 ಯಂತ್ರಕ್ಕೆ ಅದು ಬಂದಾಗ ದೋಷಗಳು ಎಷ್ಟಿದ್ದವೆಂದರೆ ಸೋನಿ ಸಂಸ್ಥೆಯು ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿ ಕೊಂಡವರಿಗೆ ಹಣ ಮರಳಿಸಿತು. ವರ್ಷಗಳ ತಿದ್ದುಪಡಿಯ ನಂತರ ಸ್ವಿಚ್ 2ಕ್ಕೆ ಬಂದ ರೂಪವನ್ನು ವಿಮರ್ಶಕರು ಮೆಚ್ಚಿದರು. ಆಟದ ಹೆಸರೊಂದೇ ಅದರ ಗುಣಕ್ಕೆ ಸಾಕ್ಷಿಯಲ್ಲ. ಅದು ಯಾವ ಯಂತ್ರಕ್ಕೆ, ಎಷ್ಟು ಆರೈಕೆಯಿಂದ ಬಂದಿದೆ ಎಂಬುದನ್ನು ನೋಡಬೇಕು. ಇದು ದೊಡ್ಡವರಿಗೆ ಮಾತ್ರ ತಕ್ಕ ಆಟವೆಂಬುದನ್ನೂ ಪಾಲಕರು ಗಮನದಲ್ಲಿಡತಕ್ಕದ್ದು.

ಕನ್ನಡದ ಕಪಾಟು ತುಂಬಿದ ಬಗೆ

ತಂದ ಕೃತಿಗಳಿಂದ ಹೊಸ ಭಂಡಾರವನ್ನು ಕಟ್ಟುವುದು ಕನ್ನಡಿಗರಿಗೆ ಅಪರಿಚಿತವಾದ ದಾರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾದಂಬರಿ ಎಂಬುದು ಕನ್ನಡಕ್ಕೆ ಹೊಸ ಯಂತ್ರದಂತೆಯೇ ಬಂತು. ಓದುವವರು ಇರಲಿಲ್ಲ, ಕಪಾಟಿನಲ್ಲಿ ಪುಸ್ತಕವೂ ಇರಲಿಲ್ಲ. ಆಗ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಒಂದರ ಮೇಲೊಂದು ತಂದರು. ಗಳಗನಾಥರು ಮರಾಠಿಯಿಂದ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ತಂದು, ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. ಆ ಪುಸ್ತಕಗಳಿಗಾಗಿಯೇ ಅನೇಕರು ಓದು ಕಲಿತರೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಮಾತು.

ಆದರೆ ಕಪಾಟು ಅಲ್ಲಿಗೇ ನಿಲ್ಲಲಿಲ್ಲ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಿಂದ ಹೊರಬಂತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಅದು ಹೆಸರಾಯಿತು. 1915ರಲ್ಲಿ ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಬಂತು. ಅನುವಾದದಲ್ಲಿ ಪಳಗಿದ ಗಳಗನಾಥರೇ ವಿಜಯನಗರದ ಕಥೆಯನ್ನು ಹೇಳುವ ‘ಮಾಧವ ಕರುಣಾ ವಿಲಾಸ’ವನ್ನು ಬರೆದರು. ಕಾವ್ಯದಲ್ಲಿಯೂ ಹಾಗೆಯೇ: ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಪರದೇಶದ ಕವಿತೆಗಳನ್ನು ಕನ್ನಡದ ಲಯಕ್ಕೆ ಒಗ್ಗಿಸಿ ತಂದದ್ದು ಮುಂದಿನ ತಲೆಮಾರಿನ ಕವಿಗಳಿಗೆ ಬಾಗಿಲು ತೆರೆಯಿತು.

ತಂದದ್ದು ಓದುಗನನ್ನು ಹುಟ್ಟಿಸಿತು. ಓದುಗ ಹುಟ್ಟಿದ ಮೇಲೆ ಸ್ವಂತದ ಕೃತಿ ಹುಟ್ಟಿತು. ವೆಂಕಟಾಚಾರ್ಯರ ತರುವಾಯ ಕನ್ನಡದಲ್ಲಿ ಯಾರೂ ಸ್ವಂತ ಕಾದಂಬರಿ ಬರೆಯದೇ ಹೋಗಿದ್ದರೆ ಆ ಭಂಡಾರ ಎಂದೋ ಬತ್ತಿ, ಓದುಗ ಮೂಲವನ್ನು ಹುಡುಕಿಕೊಂಡು ಬಂಗಾಳಿಯತ್ತಲೋ ಇಂಗ್ಲಿಷಿನತ್ತಲೋ ಹೋಗುತ್ತಿದ್ದ. ಹೊಸ ಯಂತ್ರದ ಪಾಡೂ ಇದಕ್ಕಿಂತ ಬೇರೆಯಲ್ಲ.

ಯಂತ್ರದಲ್ಲಿ ನಮ್ಮ ಮಾತು

ಇಷ್ಟು ಚರ್ಚೆಯ ನಡುವೆ ಕನ್ನಡ ಮಾಧ್ಯಮದ ಕುಟುಂಬಗಳಿಗೆ ಮಾತ್ರ ಸಲ್ಲುವ ಪ್ರಶ್ನೆಯೊಂದು ಉಳಿಯುತ್ತದೆ. ಆಟ ಹಳೆಯದಿರಲಿ ಹೊಸದಿರಲಿ, ಅದರಲ್ಲಿ ಕನ್ನಡ ಎಲ್ಲಿದೆ? ಇಂದಿನ ಮುಖ್ಯ ಆಟದ ಯಂತ್ರಗಳ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಕಂಬಂ ಕಣಿವೆಯ ಕನ್ನಡ ಮನೆಯ ಮಗುವಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಯಂತ್ರದಲ್ಲಿ ಇಂಗ್ಲಿಷ್ ಅಥವಾ ಜಪಾನಿ. ಕಾಸರಗೋಡಿನ, ತಾಳವಾಡಿಯ, ಅಕ್ಕಲಕೋಟೆಯ ಮಗುವಿಗೂ ಬೀದಿಯ ಮಾತು ಬದಲಾಗಬಹುದು, ಯಂತ್ರದ ಮಾತು ಬದಲಾಗದು.

ಇಲ್ಲಿಯೇ ತಂದ ಆಟಗಳಿಗೆ ಬೇರೊಂದು ಮಹತ್ವವಿದೆ. ಕೊಳ್ಳುವವರು ಕಡಿಮೆ ಇರುವ ಭಾಷೆಯಲ್ಲಿ ಕೋಟ್ಯಂತರ ರೂಪಾಯಿ ಹೂಡಿ ಹೊಸ ಆಟವನ್ನು ಮೂಲತಃ ರಚಿಸಲು ಯಾವ ಸಂಸ್ಥೆಯೂ ಸುಲಭವಾಗಿ ಮುಂದೆ ಬರುವುದಿಲ್ಲ. ಇರುವ ಆಟಕ್ಕೆ ಕನ್ನಡದ ಮಾತುಗಳನ್ನು ಸೇರಿಸುವ ವೆಚ್ಚ ಅದಕ್ಕಿಂತ ಬಹಳ ಕಡಿಮೆ. ಆಟವನ್ನು ಹೊಸ ಯಂತ್ರಕ್ಕೆ ಒಯ್ಯುವಾಗ ಹೇಗೂ ಅದರ ಸಾಫ್ಟ್‌ವೇರನ್ನು ಬಿಚ್ಚಿ ನೋಡುತ್ತಾರೆ, ಪರದೆಯ ಬರಹವನ್ನು ಹೊಸದಾಗಿ ಜೋಡಿಸುತ್ತಾರೆ. ಹೊಸ ಭಾಷೆ ಒಳಗೆ ಬರಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ವೆಂಕಟಾಚಾರ್ಯರ ದಾರಿ ಇಲ್ಲಿಯೂ ತೆರೆದಿದೆ.

ಅಡ್ಡಿಗಳೂ ಇವೆ. ಕನ್ನಡದ ಅಕ್ಷರಗಳು 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಗಣಕಲೋಕದಲ್ಲಿ ಸ್ಥಾನ ಪಡೆದಿವೆ. ಆದರೆ ಅಕ್ಷರಗಳಿಗೆ ಸಂಕೇತವಿದ್ದ ಮಾತ್ರಕ್ಕೆ ಬರಹ ಸರಿಯಾಗಿ ಮೂಡುವುದಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟರೆ ಸಾಕು. ಕನ್ನಡದಲ್ಲಿ ‘ವಿದ್ಯಾರ್ಥಿ’ ಎಂದು ಬರೆಯಲು ಗುಣಿತ ಕೂಡಬೇಕು, ಒತ್ತಕ್ಷರ ಕೆಳಗಿಳಿಯಬೇಕು, ಅರ್ಕಾವೊತ್ತು ಬಲಕ್ಕೆ ಸರಿಯಬೇಕು. ಈ ಜೋಡಣೆಯನ್ನು ಬಲ್ಲ ತಂತ್ರಾಂಶ ಆಟದೊಳಗೆ ಇಲ್ಲದಿದ್ದರೆ ಅಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಅನ್ರಿಯಲ್ ತಂತ್ರಾಂಶದಲ್ಲಿ ಈ ಸಾಮರ್ಥ್ಯ ಇದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಗೊಡೊ ತಂತ್ರಾಂಶಕ್ಕೂ 2023ರ ನಾಲ್ಕನೆಯ ಆವೃತ್ತಿಯಲ್ಲಿ ಅದು ಬಂದಿದೆ. ಆದುದರಿಂದ ತಾಂತ್ರಿಕವಾಗಿ ಅಸಾಧ್ಯ ಎಂಬ ನೆಪಕ್ಕೆ ಇಂದು ಆಧಾರವಿಲ್ಲ. ಕೇಳುವವರು ಇಲ್ಲ ಎಂಬ ನೆಪವಷ್ಟೇ ಉಳಿದಿದೆ.

ನೆರೆಯವರ ಕೆಲಸ ಇಲ್ಲಿ ದಾರಿ ತೋರಿಸುತ್ತದೆ. ಟೊರೊಂಟೊ ನಗರದ ವಿಸೈ ಗೇಮ್ಸ್ ಎಂಬ ಸಣ್ಣ ತಂಡ 2023ರ ಜುಲೈ 31ರಂದು ‘ವೆಂಬಾ’ ಎಂಬ ಆಟವನ್ನು ಹೊರತಂದಿತು. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳು ಅಲ್ಲಲ್ಲಿ ಅಳಿಸಿಹೋದ ತನ್ನ ಅಮ್ಮನ ಅಡುಗೆ ಪುಸ್ತಕವನ್ನು ನೋಡಿಕೊಂಡು ಇಡ್ಲಿ, ಪುಟ್ಟು ಮಾಡುವುದು, ಮಗ ಮನೆಮಾತಿನಿಂದ ದೂರವಾಗುವುದು, ಮತ್ತೆ ಹತ್ತಿರ ಬರುವುದು ಅದರ ಕಥೆ. ಅದನ್ನು ಒಂದೇ ಯಂತ್ರಕ್ಕೆ ಕಟ್ಟಿಹಾಕದೆ ಕಂಪ್ಯೂಟರ್, ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎಲ್ಲಕ್ಕೂ ಕೊಂಡೊಯ್ದರು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯು ಚೊಚ್ಚಲ ಆಟಕ್ಕೆ ಕೊಡುವ ಪ್ರಶಸ್ತಿ ಅದಕ್ಕೆ ಸಂದಿತು. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ ಆಟ 2020ರ ಆಗಸ್ಟಿನಲ್ಲಿ ಮೊದಲು ಸ್ವಿಚ್ ಯಂತ್ರಕ್ಕೆ ಬಂದು ಎರಡು ತಿಂಗಳಲ್ಲಿ ಬೇರೆ ಯಂತ್ರಗಳಿಗೂ ಹೋಯಿತು. ಸಣ್ಣ ತಂಡಗಳಿಗೆ ಯಂತ್ರದಿಂದ ಯಂತ್ರಕ್ಕೆ ಹೋಗುವುದೇ ಬದುಕುವ ಬಗೆ. ಒಂದು ಭಾಷೆಯವರ ಮನೆಯ ಕಥೆ ಜಗತ್ತಿನ ಕಪಾಟಿನಲ್ಲಿ ಸ್ಥಾನ ಪಡೆಯುವುದು ಅದೇ ದಾರಿಯಿಂದ.

ಕರ್ನಾಟಕಕ್ಕೆ ಈ ಕಸುಬು ಹೊಸದೇನಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಸಂಸ್ಥೆಗಳಲ್ಲೊಂದು. ಹೊರದೇಶಗಳ ದೊಡ್ಡ ಆಟಗಳಿಗೆ ಚಿತ್ರಕಾರ್ಯವನ್ನು ಮಾಡಿಕೊಟ್ಟು ಹೆಸರಾದದ್ದು, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯವೂ ಕರ್ನಾಟಕವೇ, 2012ರಲ್ಲಿ. ಅದರ ಹೊಸ ರೂಪ 2024ರಿಂದ 2029ರವರೆಗಿನ ಅವಧಿಗೆ ಜಾರಿಯಲ್ಲಿದೆ. ಪರರ ಆಟಗಳನ್ನು ಚೆಲುವಾಗಿಸಿದ ಆ ಕೈಗಳಿಗೆ ಕನ್ನಡದ ಆಟವೊಂದನ್ನು ರೂಪಿಸುವ, ಇಲ್ಲವೇ ಪರದೇಶದ ಒಳ್ಳೆಯ ಆಟವೊಂದನ್ನು ಕನ್ನಡಕ್ಕೆ ತರುವ ಕೆಲಸ ಮೀರಿದ್ದೇನಲ್ಲ.

ಕೊಳ್ಳುವ ಮೊದಲು

ಮನೆಯ ಪ್ರಶ್ನೆಗೆ ಮರಳಿದರೆ, ಹೊಸ ಯಂತ್ರದ ಆಟಗಳ ಪಟ್ಟಿಯನ್ನು ಕೈಗೆತ್ತಿಕೊಂಡ ಪಾಲಕರು ನಾಲ್ಕು ಸಂಗತಿಗಳನ್ನು ವಿಚಾರಿಸುವುದು ಒಳಿತು.

ಮೊದಲನೆಯದು, ಪಟ್ಟಿಯಲ್ಲಿರುವ ಆಟಗಳಲ್ಲಿ ಎಷ್ಟನ್ನು ಮನೆಯಲ್ಲಿ ಆಗಲೇ ಇರುವ ಯಂತ್ರದಲ್ಲೋ ಕಂಪ್ಯೂಟರಿನಲ್ಲೋ ಆಡಬಹುದು ಎಂಬುದು. ಅವುಗಳನ್ನು ಎಣಿಕೆಯಿಂದ ಕಳೆದು ಉಳಿದದ್ದೇ ಆ ಮನೆಯ ಮಟ್ಟಿಗೆ ಯಂತ್ರದ ನಿಜವಾದ ಭಂಡಾರ. ಹಿಂದೆ ಯಂತ್ರವೇ ಇಲ್ಲದ ಮನೆಗೆ ಹಳೆಯ ಆಟಗಳೂ ಹೊಸವೇ. ಆ ಮನೆಯವರು ತಂದ ಆಟಗಳ ಬಗ್ಗೆ ಮೂಗು ಮುರಿಯಬೇಕಾಗಿಲ್ಲ.

ಎರಡನೆಯದು, ಆರು ತಿಂಗಳಿನಿಂದ ಒಂದು ವರ್ಷದೊಳಗೆ ಆ ಯಂತ್ರಕ್ಕೆಂದೇ ಬರುವ ಆಟಗಳು ಯಾವುವು ಎಂಬುದು. ಅಂಥವು ಸಾಲಾಗಿ ಕಾಣದಿದ್ದರೆ ಕಾಯುವುದೇ ಜಾಣತನ. ಕಾದವರಿಗೆ ನಷ್ಟವಿಲ್ಲ, ತಂದ ಆಟಗಳಲ್ಲಿ ಅನೇಕವುಗಳ ಬೆಲೆ ಕಾಲಕ್ರಮದಲ್ಲಿ ಇಳಿಯುತ್ತದೆ, ಆರಂಭದ ದೋಷಗಳೂ ತಿದ್ದಿಹೋಗುತ್ತವೆ.

ಮೂರನೆಯದು, ಆಟ ಪೂರ್ತಿಯಾಗಿ ಕೈಗೆ ಬರುತ್ತದೆಯೇ ಎಂಬುದು. ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ. ಕಾರ್ಡು ಕೀಲಿಯಷ್ಟೇ, ಆಟವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಬೆಟ್ಟದ ಬುಡದ ಊರುಗಳಲ್ಲಿ ಸಂಪರ್ಕ ನಿಧಾನವಾಗಿರುವ ಕಡೆ ಇದು ಸಣ್ಣ ಮಾತಲ್ಲ. ನಿಂಟೆಂಡೊ ಸಂಸ್ಥೆಯ ಸ್ವಿಚ್ ಯಂತ್ರಗಳು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗದಿರುವುದರಿಂದ ಹೊರದೇಶದಿಂದ ತರಿಸಿ ಮಾರುವವರ ಬಳಿ ಕೊಂಡದ್ದು ಕೆಟ್ಟರೆ ರಿಪೇರಿಯ ಹೊಣೆ ಯಾರದೆಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ನಾಲ್ಕನೆಯದು, ಆಟದಲ್ಲಿ ಓದುವುದು ಎಷ್ಟಿದೆ, ಅದು ಯಾವ ಭಾಷೆಯಲ್ಲಿದೆ, ಯಾವ ವಯಸ್ಸಿಗೆ ತಕ್ಕುದು ಎಂಬುದು. ಮಾತು ಕಡಿಮೆ ಇದ್ದು ಒಗಟು, ಓಟ, ಲೆಕ್ಕ ಹೆಚ್ಚಿರುವ ಆಟಗಳನ್ನು ಸಣ್ಣ ತರಗತಿಯ ಮಕ್ಕಳೂ ತಮ್ಮಷ್ಟಕ್ಕೆ ಆಡಬಲ್ಲರು. ಮಾತು ಹೆಚ್ಚಿರುವ ಆಟವನ್ನು ಆಡುವಾಗ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಅದನ್ನು ಕನ್ನಡದಲ್ಲಿ ಹೇಳುತ್ತ ಹೋದರೆ ಮನೆಯಲ್ಲೇ ಒಂದು ಅನುವಾದ ನಡೆದಂತಾಗುತ್ತದೆ. ಕನ್ನಡವನ್ನು ಆಡಬಲ್ಲ, ಆದರೆ ತಮಿಳು ಲಿಪಿಯನ್ನಷ್ಟೇ ಓದಬಲ್ಲ ತೇನಿಯ ಮಕ್ಕಳಿಗೆ ಈ ಕಿವಿಮಾತಿನ ಅನುವಾದವೇ ಸದ್ಯಕ್ಕೆ ಇರುವ ಕನ್ನಡದ ಆಟ.

ತಂದ ಆಟಗಳು ಹೊಸ ಯಂತ್ರದ ಆರಂಭದ ಭಂಡಾರವನ್ನು ಬಲಪಡಿಸುತ್ತವೆಯೇ ಎಂದರೆ, ಬಲಪಡಿಸುತ್ತವೆ. ಆರೈಕೆಯಿಂದ ತಂದಿದ್ದರೆ, ಮನೆಯಲ್ಲಿ ಇಲ್ಲದ್ದನ್ನು ತಂದಿದ್ದರೆ, ಹಿಂದೆಯೇ ಸ್ವಂತದ ಬೆಳೆ ಬರುವುದಾದರೆ. ಮಕ್ಕಳ ಮಾತಿಗೆ ಮರಳಿದರೆ, ಎಣಿಸುವುದು ತಮ್ಮನ ಕೆಲಸ, ಆರಿಸುವುದು ಅಕ್ಕನ ಕೆಲಸ; ಎರಡೂ ಬೇಕು. ಪನ್ನೀರ್ ದ್ರಾಕ್ಷಿಯ ಬಳ್ಳಿಗೆ ಇಲ್ಲಿಯ ಮಣ್ಣು ಹಿಡಿಯಿತು, ಬೆಟ್ಟದಾಚೆಯ ನೀರು ಸಿಕ್ಕಿತು, ನೂರಾರು ಕೈಗಳು ಚಪ್ಪರ ಕಟ್ಟಿದವು. 1832ರಲ್ಲಿ ಪರದೇಶದ್ದಾಗಿದ್ದ ಹಣ್ಣು 2023ರಲ್ಲಿ ಕಂಬಂ ಎಂಬ ಊರಿನ ಹೆಸರಿನಲ್ಲೇ ದಾಖಲಾಯಿತು. ಕನ್ನಡಕ್ಕೆ ತಂದ ಆಟವೂ ಒಂದು ದಿನ ಕನ್ನಡದ ಆಟವೆಂದೇ ಹೆಸರಾಗಬೇಕಾದರೆ ಮೊದಲು ಒಂದಾದರೂ ಬಳ್ಳಿ ಈ ನೆಲಕ್ಕೆ ಬರಬೇಕು. ಅದನ್ನು ಕೇಳಿ ತರಿಸಿಕೊಳ್ಳಬೇಕಾದವರು ಕನ್ನಡದಲ್ಲಿ ಮಕ್ಕಳನ್ನು ಓದಿಸುತ್ತಿರುವ ಮನೆಗಳವರೇ.